ಸ್ವಂತ ಕೆಲಸದ ನಿಮಿತ್ತ

ನನ್ನ ಹೆಸರಿನಲ್ಲಿ 300 ದಿನ ಇವೆ. ಸೈಟಲ್ಲ, ಚಿನ್ನವಲ್ಲ, ದಿನಗಳು. ಸರ್ಕಾರಿ ನೌಕರರ ಭಾಷೆಯಲ್ಲಿ ಇದಕ್ಕೆ ಗಳಿಕೆ ರಜೆ ಎನ್ನುತ್ತಾರೆ. ಜನವರಿ ಒಂದಕ್ಕೆ 15 ದಿನ, ಜುಲೈ ಒಂದಕ್ಕೆ 15 ದಿನ ನಮ್ಮ ಖಾತೆಗೆ ತಾವಾಗಿಯೇ ಬಂದು ಬೀಳುತ್ತವೆ. ಅದರಲ್ಲಿ ವರ್ಷಕ್ಕೆ 15 ದಿನ ಸರ್ಕಾರಕ್ಕೇ ವಾಪಸ್ ಕೊಟ್ಟು ದುಡ್ಡು ಪಡೆಯಬಹುದು. ಇದಕ್ಕೆ ರಜೆ ಸರೆಂಡರ್ ಎಂದು ಹೆಸರು. ಯುದ್ಧದಲ್ಲಿ ಸೋತವರು ಕತ್ತಿ ಸರೆಂಡರ್ ಮಾಡುತ್ತಾರೆ, ನಾವು ಸೋಲದೆಯೇ ರಜೆ ಸರೆಂಡರ್ ಮಾಡುತ್ತೇವೆ. ಉಳಿದ 15ನ್ನು ಮುಟ್ಟದೆ ಇಟ್ಟರೆ ಇಪ್ಪತ್ತು ವರ್ಷಕ್ಕೆ 300 ಆಗುತ್ತದೆ. ಅಲ್ಲಿಗೆ ಕೊಡ ತುಂಬಿತು. ಆಮೇಲೆ ಸುರಿದದ್ದೆಲ್ಲ ಹೊರಗೆ ಚೆಲ್ಲುತ್ತದೆ. ನಿವೃತ್ತಿಯ ದಿನ ಈ 300ಕ್ಕೆ ಸಂಬಳದ ಲೆಕ್ಕದಲ್ಲಿ ಇಡುಗಂಟು ಕೊಡುತ್ತಾರೆ. ಇದು ನನಗೆ ಇಷ್ಟು ಬಾಯಿಪಾಠ ಯಾಕೆಂದರೆ, ಕಚೇರಿಯ ಸಿಬ್ಬಂದಿ ಶಾಖೆಯಲ್ಲಿ ರಜೆಯ ವಿಷಯನಿರ್ವಾಹಕ ನಾನೇ. ಹದಿನೆಂಟು ವರ್ಷದಿಂದ ಊರವರ ರಜೆಯನ್ನೆಲ್ಲ ಎಣಿಸುತ್ತ ಕೂತಿದ್ದೇನೆ, ಬೇರೆಯವರ ಮದುವೆಗೆ ಲಗ್ನ ಇಡುವ ಬ್ರಹ್ಮಚಾರಿ ಜೋಯಿಸನ ಹಾಗೆ.

ಇಂಥವನ ಮುಂದೆ ಕೂತು ಒಂದು ಭಾನುವಾರ ನಮ್ಮಕ್ಕನ ಮಗ ಉಪ್ಪಿಟ್ಟು ತಿನ್ನುತ್ತ ಹೇಳಿದ:

“ಮಾಮ, ಒಂದು ವರ್ಷ ಕೆಲಸಕ್ಕೆ ಕೈಮುಗಿದು ಪ್ರಪಂಚ ಸುತ್ಕೊಂಡು ಬರೋಣ ಅಂತಿದೀನಿ.”

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಮಗನ ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ. ಆಮೇಲೆ ಮೆಲ್ಲಗೆ ಕೇಳಿದಳು: “ಕಂಪನಿಯೋರು ತೆಗೆದ್ರೇನೋ ಮಗಾ? ಇದ್ದಿದ್ದನ್ನ ಇದ್ದಂಗೆ ಹೇಳು, ನಾವೇನು ಬೇರೆಯೋರಾ?”

ಅವಳ ತಪ್ಪಿಲ್ಲ. ಬೆಂಗಳೂರಿನಲ್ಲಿ ಸಾಫ್ಟ್‌ವೇರಿನವನು ವಾರದ ದಿನ ಹಗಲು ಹೊತ್ತು ಅಂಗಿ ಇಸ್ತ್ರಿ ಮಾಡಿಸದೆ ಬೀದಿಯಲ್ಲಿ ಕಾಣಿಸಿದರೆ ಸಾಕು, ಮೂರನೇ ಮನೆಯವರು “ಪಾಪ” ಅನ್ನುವ ಕಾಲ ಇದು. ಇವನು ತಾನೇ ಬಿಡುತ್ತಿದ್ದೇನೆ ಎಂದು ಡಂಗುರ ಹೊಡೆದರೂ ಯಾರೂ ನಂಬುವುದಿಲ್ಲ. ಸಂಜೆಯೊಳಗೆ ಅಕ್ಕ ಪರಿಹಾರ ಹುಡುಕಿದಳು. ಕೇಳಿದವರಿಗೆ “ಆನ್‌ಸೈಟ್” ಅನ್ನುವುದು. ಯಾವ ದೇಶ ಎಂದರೆ “ಬೇರೆ ಬೇರೆ ಕಡೆ” ಅನ್ನುವುದು. ಹೀಗೆ ಕೆಲಸ ಮಾಡುವುದಿಲ್ಲ ಎಂದು ಹೊರಟವನು ನಮ್ಮ ರಸ್ತೆಯಲ್ಲಿ ಏಕಕಾಲಕ್ಕೆ ಹತ್ತು ದೇಶಗಳಲ್ಲಿ ಕೆಲಸ ಮಾಡುವ ಮಹಾನುಭಾವನಾದ. ಆ ವಾರವೇ ಎರಡು ಜಾತಕ ಬಂದವು.

ಹುಡುಗ ಲೆಕ್ಕಾಚಾರದವನು, ಸುಮ್ಮನೆ ಬಾಯಿಗೆ ಬಂದದ್ದು ಹೇಳುವವನಲ್ಲ. ವಿಮಾನ ಕಂಪನಿಗಳು ಕೂಟ ಕಟ್ಟಿಕೊಂಡು ಭೂಪ್ರದಕ್ಷಿಣೆಗೆಂದೇ ಒಂದು ಟಿಕೆಟ್ ಮಾರುತ್ತವಂತೆ. ವರ್ಷದೊಳಗೆ ಮುಗಿಸಬೇಕು, ಹೆಚ್ಚೆಂದರೆ 16 ಹಾರಾಟ, ಅಟ್ಲಾಂಟಿಕ್ಕೂ ಪೆಸಿಫಿಕ್ಕೂ ಒಂದೊಂದೇ ಸಲ ದಾಟಬೇಕು. ಮುಖ್ಯ ಷರತ್ತೆಂದರೆ, ಪೂರ್ವಕ್ಕೆ ಹೊರಟರೆ ಪೂರ್ವಕ್ಕೇ, ಪಶ್ಚಿಮಕ್ಕೆ ಹೊರಟರೆ ಪಶ್ಚಿಮಕ್ಕೇ. ದೇವಸ್ಥಾನದ ಪ್ರದಕ್ಷಿಣೆಯಂತೆ, ನಡುವೆ ಹಿಂದಕ್ಕೆ ತಿರುಗುವಂತಿಲ್ಲ. ಇಷ್ಟು ಕೇಳಿದ ಮೇಲೆ ನನ್ನೊಳಗಿನ ವಿಷಯನಿರ್ವಾಹಕನಿಗೆ ಎಚ್ಚರವಾಯಿತು.

“ಯಾವ ಕಡೆಯಿಂದ ಹೋಗ್ತೀಯ? ದಿನದ ಲೆಕ್ಕ ತಪ್ಪುತ್ತೆ, ಗೊತ್ತಾ?” ಎಂದೆ.

ತಪ್ಪಿಯೇ ತಪ್ಪುತ್ತದೆ. ಮೆಗೆಲನ್ ಸ್ಪೇನಿನಿಂದ ಐದು ಹಡಗು ಕಟ್ಟಿಕೊಂಡು 1519ರಲ್ಲಿ ಪಶ್ಚಿಮಕ್ಕೆ ಹೊರಟ. ಇನ್ನೂರಕ್ಕೂ ಹೆಚ್ಚು ಜನ. ಅವನೇ 1521ರಲ್ಲಿ ಫಿಲಿಪೀನ್ಸಿನ ಜಗಳದಲ್ಲಿ ಸತ್ತ. ಮೂರು ವರ್ಷದ ಮೇಲೆ ವಿಕ್ಟೋರಿಯಾ ಎಂಬ ಒಂದೇ ಹಡಗು, 18 ಜನರನ್ನು ಹೊತ್ತು ಊರಿಗೆ ಬಂತು. ಮೊತ್ತಮೊದಲ ಭೂಪ್ರದಕ್ಷಿಣೆ ಅದು. ಆ ಹಡಗಿನಲ್ಲಿ ಪಿಗಾಫೆಟ್ಟಾ ಎಂಬ ಇಟಲಿಯವನು ಒಂದು ದಿನವೂ ಬಿಡದೆ ಡೈರಿ ಬರೆಯುತ್ತಿದ್ದ. ವಾಪಸ್ ಬರುವ ದಾರಿಯಲ್ಲಿ, 1522ರ ಜುಲೈನಲ್ಲಿ ಕೇಪ್ ವರ್ಡಿ ದ್ವೀಪ ಮುಟ್ಟಿದಾಗ ಅವನ ಲೆಕ್ಕಕ್ಕೆ ಬುಧವಾರ, ದಡದವರ ಲೆಕ್ಕಕ್ಕೆ ಗುರುವಾರ. ಡೈರಿಯಲ್ಲಿ ಒಂದು ದಿನವೂ ಖಾಲಿ ಬಿಟ್ಟಿಲ್ಲ, ಆದರೂ ಒಂದು ದಿನ ಇಲ್ಲ! ಸೂರ್ಯನ ಹಿಂದೆ ಹಿಂದೆಯೇ ಭೂಮಿಯನ್ನು ಒಂದು ಸುತ್ತು ಹಾಕಿದರೆ ಸೂರ್ಯೋದಯ ಒಂದು ಕಡಿಮೆ ಸಿಗುತ್ತದೆ ಎಂಬುದು ಆ ಬಡಪಾಯಿಗಳಿಗೆ ಆಮೇಲೆ ಹೊಳೆಯಿತು. ವಿಜ್ಞಾನದವರು ಇದನ್ನು ದೊಡ್ಡ ಶೋಧ ಎನ್ನುತ್ತಾರೆ. ನನ್ನ ಮೇಜಿಗೆ ಬಂದಿದ್ದರೆ ಅದು ಒಂದು ದಿನದ ಅನಧಿಕೃತ ಗೈರುಹಾಜರಿ. ಕಾರಣ ಕೇಳಿ ನೋಟಿಸು ಕೊಡಲೇಬೇಕಾಗುತ್ತಿತ್ತು.

ಪೂರ್ವಕ್ಕೆ ಹೋದರೆ ಇನ್ನೊಂದು ಪೇಚು. ಸೂರ್ಯನಿಗೆ ಎದುರಾಗಿ ಹೋಗುತ್ತೇವಲ್ಲ, ಒಂದು ದಿನ ಹೆಚ್ಚು ಸಿಗುತ್ತದೆ. ಜೂಲ್ಸ್ ವರ್ನ್ ಎಂಬತ್ತು ದಿನದಲ್ಲಿ ಭೂಮಿ ಸುತ್ತಿಸಿದ ಕಾದಂಬರಿ 1873ರಲ್ಲಿ ಪುಸ್ತಕವಾಯಿತು. ಅದರ ನಾಯಕ ಪಂದ್ಯ ಗೆದ್ದದ್ದೇ ಈ ಹೆಚ್ಚುವರಿ ದಿನದಿಂದ. ಈಗಲೂ ಟೋಕಿಯೊದಲ್ಲಿ ಸೋಮವಾರ ಸಂಜೆ ವಿಮಾನ ಹತ್ತಿದವನು ಲಾಸ್ ಏಂಜಲೀಸಿನಲ್ಲಿ ಅದೇ ಸೋಮವಾರ ಬೆಳಿಗ್ಗೆ ಇಳಿಯುತ್ತಾನೆ. ಒಂದೇ ವಾರದಲ್ಲಿ ಎರಡೆರಡು ಸೋಮವಾರ! ಇದಕ್ಕೆ ರಜೆ ಎಂದು ಹೆಸರಿಟ್ಟವನು ಎಂದೂ ನೌಕರಿ ಮಾಡಿದವನಾಗಿರಲಾರ.

ನನ್ನ ಈ ಉಪನ್ಯಾಸವನ್ನು ಹುಡುಗ ತಾಳ್ಮೆಯಿಂದ ಕೇಳಿ, ಪೂರ್ವ ದಿಕ್ಕೆಂದು ತೀರ್ಮಾನಿಸಿ, ರಾಜೀನಾಮೆ ಪತ್ರ ಬರೆಯಲು ಕೂತ. ತುಂಬ ಚೆನ್ನಾಗಿ ಬರೆದಿದ್ದ. ಒಂಬತ್ತು ವರ್ಷದ ಸಿಟ್ಟನ್ನೆಲ್ಲ ಧನ್ಯವಾದದಲ್ಲಿ ಅದ್ದಿ ತೆಗೆದಿದ್ದ. ಅದನ್ನು ಕಳಿಸುವ ಮೊದಲು ವೀಸಾ ಮಾಡಿಸಿಕೊಡುವ ಏಜೆಂಟನ್ನು ಒಂದು ಮಾತು ಕೇಳೋಣ ಎಂದು ಹೋದದ್ದೇ ಪುಣ್ಯ.

ಏಜೆಂಟ್ ಎರಡೂ ಕೈ ಜೋಡಿಸಿದನಂತೆ. “ಸಾರ್, ಏನ್ ಬೇಕಾದ್ರೂ ಮಾಡಿ, ರಿಸೈನ್ ಮಾತ್ರ ಮಾಡ್ಬೇಡಿ. ರಜೆ ಲೆಟರ್ ಇಲ್ದೆ ಯೂರೋಪ್ ಕೇಸು ನಾನು ಮುಟ್ಟಲ್ಲ.”

ಇದು ನೋಡಿ ತಮಾಷೆ. ಷೆಂಗೆನ್ ವೀಸಾ ಎಂಬ ಒಂದೇ ಚೀಟಿಗೆ ಯೂರೋಪಿನ 29 ದೇಶಗಳ ಬಾಗಿಲು ತೆರೆಯುತ್ತವೆ, ಯಾವುದೇ 180 ದಿನದಲ್ಲಿ 90 ದಿನದ ಮಟ್ಟಿಗೆ. ಆ ಚೀಟಿಗೆ ಬೇಕಾದ ಕಾಗದಗಳೋ! ಸಂಬಳದ ಚೀಟಿ, ಬ್ಯಾಂಕಿನ ಪಾಸ್‌ಬುಕ್ಕಿನ ವಿವರ, ಆದಾಯ ತೆರಿಗೆಯ ಕಾಗದ, 30,000 ಯೂರೋಗೆ ಕಡಿಮೆಯಿಲ್ಲದ ವಿಮೆ, ಅದರ ಮೇಲೆ ಕೆಲಸದ ಯಜಮಾನ ಸಹಿ ಹಾಕಿದ ರಜೆ ಮಂಜೂರಾತಿ ಪತ್ರ. ಶುಲ್ಕ 90 ಯೂರೋ, ವೀಸಾ ಕೊಡದಿದ್ದರೂ ಅದು ವಾಪಸ್ ಬರುವುದಿಲ್ಲ. ಅಂದರೆ ಯಾವ ಕೆಲಸದಿಂದ ತಪ್ಪಿಸಿಕೊಂಡು ಪ್ರಪಂಚ ನೋಡಬೇಕೆಂದು ಹೊರಟೆವೋ, ಆ ಪ್ರಪಂಚದವರು ಬಾಗಿಲಲ್ಲಿ ನಿಲ್ಲಿಸಿ ಕೇಳುವುದು ಅದೇ ಕೆಲಸವನ್ನು. ಬಾಸ್ ಬಿಟ್ಟರೂ ಬಾಸಿನ ಸಹಿ ಬಿಡದು!

ಕೆಲಸವಿಲ್ಲದವನಿಗೆ ವೀಸಾ ಕೊಡಲೇಬಾರದೆಂದೇನೂ ಇಲ್ಲ. ಆದರೆ ಊರಿಗೆ ವಾಪಸ್ ಹೋಗುತ್ತಾನೆ ಎಂದು ನಂಬಿಸಬೇಕು. ನಂಬಿಸುವುದು ಹೇಗೆ? ಕೆಲಸ ಏನು, ಸಂಬಳ ಎಷ್ಟು, ಸ್ವಂತ ಮನೆ ಇದೆಯೋ, ಮದುವೆ ಆಗಿದೆಯೋ, ಮಕ್ಕಳೆಷ್ಟು. ಈ ಪ್ರಶ್ನೆಗಳನ್ನು ಅವನು ಹೇಳುತ್ತಿದ್ದಂತೆ ಅಕ್ಕ ಗೋಡೆಗೆ ಒರಗಿ ಕೂತು ನಗಾಡಿದಳು. “ಇದನ್ನೇ ಅಲ್ಲವೇನೋ ನಾನು ಐದು ವರ್ಷದಿಂದ ಹೇಳ್ತಿರೋದು? ಹೆಣ್ಣಿನ ಕಡೆಯೋರು ಕೇಳಿದ್ರೆ ಹಳೇ ಕಾಲದೋರು ಅಂತೀಯ. ಈಗ ಜರ್ಮನಿಯೋರೂ ಅದನ್ನೇ ಕೇಳ್ತಾರೆ ನೋಡು.” ಉತ್ತರವಿರಲಿಲ್ಲ. ವೀಸಾ ಕೌಂಟರಿಗೂ ಹೆಣ್ಣಿನ ಮನೆಯ ಪಡಸಾಲೆಗೂ ಇರುವ ವ್ಯತ್ಯಾಸ ಒಂದೇ, ಪಡಸಾಲೆಯಲ್ಲಿ ಕಾಫಿ ಕೊಡುತ್ತಾರೆ.

ಇನ್ನೂ ಒಂದು ಗಂಟು ಇತ್ತು. ಆ ಯೂರೋಪಿನ ವೀಸಾಕ್ಕೆ ಹೊರಡುವ ಆರು ತಿಂಗಳಿಗಿಂತ ಮುಂಚೆ ಅರ್ಜಿ ಹಾಕುವಂತಿಲ್ಲ. ಹಾಕುವುದೂ ನಾವು ವಾಸವಿರುವ ದೇಶದಿಂದಲೇ. ಪೂರ್ವಕ್ಕೆ ಹೊರಟ ನಮ್ಮ ಹುಡುಗ ಜಪಾನ್, ಅಮೆರಿಕ ಮುಗಿಸಿ ಯೂರೋಪ್ ಮುಟ್ಟುವುದು ಒಂಬತ್ತನೇ ತಿಂಗಳಿಗೆ. ಇಲ್ಲಿಂದ ಹೊರಡುವಾಗ ಅರ್ಜಿ ಹಾಕಿದರೆ ಬಹಳ ಬೇಗ, ಅಲ್ಲಿಂದ ಹಾಕೋಣವೆಂದರೆ ಅದು ಅವನ ವಾಸದ ಊರಲ್ಲ. ದಿಕ್ಕು ತಿರುಗಿಸಿ ಯೂರೋಪನ್ನು ಮೊದಲಿಗಿಟ್ಟ. ಆಗ ಜಪಾನ್ ಕೊನೆಗೆ ಬಂತು, ಜಪಾನಿನವರದ್ದೂ ಅಂಥದ್ದೇ ಕಥೆ. ಎರಡು ಭಾನುವಾರ ಅಟ್ಲಾಸ್ ಹರಡಿಕೊಂಡು ನಾವಿಬ್ಬರೂ ಚೌಕಾಬಾರ ಆಡುವವರ ಹಾಗೆ ದೇಶಗಳನ್ನು ಅತ್ತಿತ್ತ ನಡೆಸಿದೆವು. ವೀಸಾ ಕೇಳದೆ ಒಳಗೆ ಕರೆಯುವ ನೇಪಾಳ, ಭೂತಾನ್, ಮಾರಿಷಸ್ ಎಲ್ಲಿಟ್ಟರೂ ಹೊಂದಿಕೊಳ್ಳುತ್ತಿದ್ದವು, ಬಡ ನೆಂಟರ ಹಾಗೆ. ಅಮೆರಿಕದ್ದು ದೊಡ್ಡ ಮನೆ, ಒಮ್ಮೆ ಕೊಟ್ಟರೆ ಸಾಮಾನ್ಯವಾಗಿ ಹತ್ತು ವರ್ಷಕ್ಕೆ ಕೊಡುತ್ತದೆ. ಆ ಮುದ್ರೆ ಇದ್ದವನನ್ನು ಮೆಕ್ಸಿಕೊದವರು ಬೇರೆ ವೀಸಾ ಕೇಳದೆ ಒಳಗೆ ಬಿಡುತ್ತಾರೆ. ಗೌಡರ ಜಗಲಿಯಲ್ಲಿ ಕೂತೆದ್ದು ಬಂದವನಿಗೆ ಬೀದಿಯವರೆಲ್ಲ ಮಣೆ ಹಾಕಿದ ಹಾಗೆ.

ದುಡ್ಡಿನ ವಿಚಾರ ಕೇಳಬೇಡಿ. ರಿಸರ್ವ್ ಬ್ಯಾಂಕು ಒಬ್ಬನಿಗೆ ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್ ಹೊರಗೆ ಒಯ್ಯಲು ಬಿಡುತ್ತದಂತೆ. ತುಂಬ ಉದಾರಿಗಳು. ನಮಗೆ ಅಡ್ಡ ಬಂದದ್ದು ಅದಲ್ಲ.

ಕೊನೆಗೆ ಆದದ್ದಿಷ್ಟು. ರಾಜೀನಾಮೆ ಹರಿದ. ಒಂದು ವರ್ಷ ಸಂಬಳವಿಲ್ಲದ ರಜೆ ಕೇಳಿದ. ಆಶ್ಚರ್ಯವೆಂದರೆ ಕಂಪನಿಯವರು ಒಂದೇ ವಾರದಲ್ಲಿ ಒಪ್ಪಿದರು. “ನನ್ನನ್ನ ಬಿಟ್ಟು ಒಂದು ವರ್ಷ ನಡೆಸ್ತಾರಂತೆ ಮಾಮ!” ಎಂದು ಮುಖ ಸಣ್ಣದು ಮಾಡಿಕೊಂಡ. ಪ್ರದಕ್ಷಿಣೆಯ ಟಿಕೆಟ್ಟೂ ಹೋಯಿತು. ಮೊದಲ ಅರ್ಧ ವರ್ಷ ಪಶ್ಚಿಮಕ್ಕೆ, ದೀಪಾವಳಿಗೆ ಮನೆಗೆ, ಎಣ್ಣೆನೀರು ಹಾಕಿಸಿಕೊಂಡು ಮತ್ತೆ ವೀಸಾ ಅರ್ಜಿ, ಆಮೇಲೆ ಅರ್ಧ ವರ್ಷ ಪೂರ್ವಕ್ಕೆ ಎಂದಾಯಿತು. ನಮ್ಮ ಪಾಸ್‌ಪೋರ್ಟು ಹಿಡಿದವನಿಗೆ ಭೂಮಿ ಬುಗುರಿಯಲ್ಲ, ಉಯ್ಯಾಲೆ. ಅತ್ತ ಜೀಕಿ ಇತ್ತ ಬಂದು ಮತ್ತೆ ಅತ್ತ ಜೀಕಬೇಕು. ಕಳೆಯುವ ದಿನವೂ ಇಲ್ಲ, ಗಳಿಸುವ ದಿನವೂ ಇಲ್ಲ. ರಜೆಯ ಲೆಕ್ಕ ಇಡುವವರಿಗೆ ಇದೇ ಅನುಕೂಲ.

ಗಂಟುಮೂಟೆ ಕಟ್ಟುವ ದಿನ ಹೊಸ ಜಗಳ. ಅವನದು ವರ್ಷಕ್ಕೆಲ್ಲ ಬೆನ್ನಿಗೆ ಹಾಕುವ ಏಳು ಕೆ.ಜಿ.ಯ ಒಂದೇ ಚೀಲ. ಅಕ್ಕನ ಚಟ್ನಿಪುಡಿ, ಸಾರಿನಪುಡಿ, ಪುಳಿಯೋಗರೆ ಗೊಜ್ಜು ಸೇರಿಯೇ ಎರಡೂವರೆ. ನ್ಯೂಜಿಲೆಂಡಿನಲ್ಲಿ ತಿನ್ನುವ ವಸ್ತು ಇದೆಯೆಂದು ಚೀಟಿಯಲ್ಲಿ ಬರೆಯದೆ ಒಯ್ದರೆ ನಿಂತ ನಿಲುವಿನಲ್ಲೇ 400 ಡಾಲರ್ ದಂಡ ಹಾಕುತ್ತಾರೆ ಎಂದು ಅವನು ಹೆದರಿಸಿದ. “ನನ್ನ ಚಟ್ನಿಪುಡಿಗೆ ಅಷ್ಟು ಬೆಲೆ ಕಟ್ಟೋರು ಅವರೊಬ್ಬರೇ ಕಣೋ, ನಿಮ್ಮಪ್ಪ ಒಂದು ದಿನ ಚೆನ್ನಾಗಿದೆ ಅಂದೋರಲ್ಲ” ಎಂದಳು. ಪುಡಿ ಹೋಯಿತು, ಎರಡು ಜೊತೆ ಬಟ್ಟೆ ಇಲ್ಲೇ ಉಳಿಯಿತು.

ಹೀಗೆ ಸುತ್ತುವುದು ಇವನೊಬ್ಬನ ಹುಚ್ಚೇನೂ ಅಲ್ಲ. ಆಸ್ಟ್ರೇಲಿಯಾದಲ್ಲಿ ಬಹಳ ವರ್ಷ ಒಂದೇ ಕಡೆ ದುಡಿದವರಿಗೆ ಸಂಬಳ ಸಮೇತ ಕೆಲವು ತಿಂಗಳ ದೀರ್ಘ ಸೇವಾ ರಜೆ ಉಂಟು. ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿನ ಸರ್ಕಾರಿ ನೌಕರರು ಹಡಗಿನಲ್ಲಿ ಇಂಗ್ಲೆಂಡಿಗೆ ಹೋಗಿ ತಮ್ಮವರನ್ನು ನೋಡಿ ಬರಲೆಂದು ಹುಟ್ಟಿದ ರಜೆ ಅದು. ಈಗ ಹಡಗೂ ಇಲ್ಲ, ಇಂಗ್ಲೆಂಡೂ ನೆನಪಿಲ್ಲ, ರಜೆ ಮಾತ್ರ ಗಟ್ಟಿ. ಯೆಹೂದ್ಯರ ಹಳೆಯ ಕಟ್ಟಳೆಯಲ್ಲಿ ಏಳನೇ ವರ್ಷ ಹೊಲವನ್ನು ಬೀಳು ಬಿಡಬೇಕು. ಪ್ರೊಫೆಸರುಗಳ ಸಬ್ಬಾಟಿಕಲ್ ರಜೆಗೆ ಹೆಸರು ಬಂದದ್ದು ಅಲ್ಲಿಂದಲೇ. ನಮ್ಮ ರೈತರಿಗೂ ಬೀಳು ಬಿಡುವುದು ಗೊತ್ತು. ಆದರೆ ಬೀಳು ಬಿದ್ದ ಹೊಲ ಎಂದರೆ ನಮ್ಮಲ್ಲಿ ವಾರಸುದಾರರು ಕೋರ್ಟಿನಲ್ಲಿದ್ದಾರೆ ಎಂದೇ ಅರ್ಥ.

ರಜೆಯನ್ನೇ ಹಾಕದೆ, ಡ್ಯೂಟಿಯ ಮೇಲೆಯೇ ಭೂಮಿ ಸುತ್ತಿದವರೂ ಇದ್ದಾರೆ. ನಮ್ಮ ನೌಕಾಪಡೆಯ ಆರು ಮಂದಿ ಹೆಣ್ಣುಮಕ್ಕಳು ‘ತಾರಿಣಿ’ ಎಂಬ ಹಾಯಿದೋಣಿಯಲ್ಲಿ 2017ರ ಸೆಪ್ಟೆಂಬರಿನಲ್ಲಿ ಗೋವಾ ಬಿಟ್ಟು 254 ದಿನಕ್ಕೆ ಅಲ್ಲಿಗೇ ಬಂದು ಮುಟ್ಟಿದರು. ನನ್ನ 300ರಲ್ಲಿ 46 ಇನ್ನೂ ಮಿಗುತ್ತಿತ್ತು. ಕೊಚ್ಚಿಯ ಚಹಾ ಅಂಗಡಿಯ ವಿಜಯನ್ ಮತ್ತು ಮೋಹನಾ ದಂಪತಿ ಇನ್ನೊಂದು ಬಗೆ. ಚಹಾ ಮಾರಿದ ಕಾಸು ಕೂಡಿಟ್ಟು, ಸಾಲದಿದ್ದರೆ ಸಾಲ ಎತ್ತಿ ಒಂದು ದೇಶ ನೋಡಿ ಬರುವುದು, ಬಂದು ಚಹಾ ಕಾಯಿಸಿ ಸಾಲ ತೀರಿಸುವುದು, ತೀರಿದ ಮೇಲೆ ಮತ್ತೊಂದು. ಹೀಗೆ ಇಪ್ಪತ್ತೈದಕ್ಕೂ ಹೆಚ್ಚು ದೇಶ ನೋಡಿ, ವಿಜಯನ್ 2021ರಲ್ಲಿ ತೀರಿಕೊಂಡರು. ಅವರ ಬಳಿ ರಜೆ ಖಾತೆ ಇರಲಿಲ್ಲ. ಅಂಗಡಿಯ ಬಾಗಿಲು ಎಳೆದರೆ ಅದೇ ಮಂಜೂರಾತಿ.

ಆದರೆ ನಮ್ಮ ಮನೆಯಲ್ಲಿ ನಾಟಿದ್ದು ಮೈಸೂರಿನ ಕೃಷ್ಣಕುಮಾರರ ಕಥೆ. ಆಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದವರು. ತಂದೆ ಹೋದ ಮೇಲೆ ತಾಯಿ ಚೂಡಾರತ್ನಮ್ಮನವರನ್ನು ಯಾವ ಯಾವ ಕ್ಷೇತ್ರ ನೋಡಿದ್ದೀಯಮ್ಮ ಎಂದು ಕೇಳಿದರೆ, ಪಕ್ಕದ ಬೇಲೂರು ಹಳೇಬೀಡನ್ನೇ ನೋಡಿಲ್ಲ ಎಂದರಂತೆ ಆಕೆ. ತುಂಬು ಸಂಸಾರದ ಒಲೆ ಮುಂದೆಯೇ ಆಯುಸ್ಸು ಕಳೆದಿತ್ತು. ಮಗ ಕೆಲಸ ಬಿಟ್ಟು, ಅಪ್ಪ ಕೊಟ್ಟಿದ್ದ ಹಳೆಯ ಬಜಾಜ್ ಚೇತಕ್ ಸ್ಕೂಟರಿನ ಹಿಂದೆ ತಾಯಿಯನ್ನು ಕೂರಿಸಿಕೊಂಡು 2018ರ ಜನವರಿಯಲ್ಲಿ ಹೊರಟವರು, ದೇಶವನ್ನೆಲ್ಲ ಸುತ್ತಿ ನೇಪಾಳ, ಭೂತಾನ್, ಮ್ಯಾನ್ಮಾರ್‌ವರೆಗೂ ಹೋಗಿ ಬಂದರು. ಐವತ್ತು ಸಾವಿರ ಕಿಲೋಮೀಟರ್‌ಗೂ ಮೀರಿದ ದಾರಿ. ಅಕ್ಕ ಇದನ್ನು ಟಿವಿಯಲ್ಲಿ ನೋಡಿದ್ದಳು. ಮಗ ದೀಪಾವಳಿಗೆ ಬಂದಾಗ ಹೋಳಿಗೆ ಬಡಿಸುತ್ತ ಮೆಲ್ಲಗೆ ತೆಗೆದಳು: “ಅಂಥ ಮಕ್ಕಳೂ ಹುಟ್ತಾರೆ.”

“ಬಾರಮ್ಮ ಮತ್ತೆ. ಜಪಾನಿಗೆ ಕರ್ಕೊಂಡು ಹೋಗ್ತೀನಿ.”

“ಅಯ್ಯೋ, ನಾನೆಲ್ಲಿ ಬರ್ಲೋ! ತುಳಸಿಗೆ ನೀರು ಹಾಕೋರ್ಯಾರು?”

ಅಷ್ಟು ಹೊತ್ತಿಗೆ ಇಬ್ಬರೂ ನನ್ನ ಕಡೆ ನೋಡುತ್ತಿದ್ದರು.

ಗಣಪತಿ ಅಪ್ಪ ಅಮ್ಮನನ್ನು ಸುತ್ತಿ ಹಣ್ಣು ಗೆದ್ದ ಕಥೆಯನ್ನು ಆ ಮನೆಯಲ್ಲಿ ನಾನೇ ಹತ್ತು ಸಲ ಹೇಳಿದ್ದೆ, ಹುಡುಗನ ಕಾಲು ಕಟ್ಟಲು. ಈಗ ನನಗೇ ಅನುಮಾನ. ಆ ಕಥೆಯಲ್ಲಿ ನಿಜವಾಗಿ ಪ್ರಪಂಚ ನೋಡಿಬಂದವನು ಷಣ್ಮುಖ. ಬೆವರು ಒರೆಸಿಕೊಳ್ಳುತ್ತ ನವಿಲಿಂದಿಳಿದ ಆ ಮಗುವನ್ನು “ಏನೇನು ನೋಡಿದೆಯಪ್ಪ?” ಎಂದು ಒಬ್ಬರಾದರೂ ಕೇಳಿದರೇ? ಹಣ್ಣಿನ ಮಾತೇ ಆಯಿತು. ಸುತ್ತಿ ಬಂದವರ ಪಾಡು ಇವತ್ತಿಗೂ ಅದೇ. ಮೊದಲರ್ಧ ಮುಗಿಸಿ ಬಂದ ನಮ್ಮ ಹುಡುಗನನ್ನು ನೆಂಟರು ಕೇಳಿದ ಪ್ರಶ್ನೆ ಎರಡೇ, ಊಟಕ್ಕೇನು ಮಾಡಿದೆ ಮತ್ತು ಎಷ್ಟು ಖರ್ಚಾಯಿತು. ಹೇಳಿಸಿಕೊಳ್ಳುವವರೂ ಬೇಕು, ಹೇಳಲೂ ಬರಬೇಕು. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಎಪ್ಪತ್ತು ದಾಟಿದ ಮೇಲೆ ಅಮೆರಿಕ ನೋಡಿಬಂದು ಬರೆದ ‘ಅಮೆರಿಕದಲ್ಲಿ ಗೊರೂರು’ ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಬಹುಮಾನ ಬಂತು. ಅವರನ್ನು ಖರ್ಚು ಎಷ್ಟೆಂದು ಯಾರೂ ಕೇಳಿರಲಾರರು.

ಅಕ್ಕನಿಗೆ ಅರವತ್ತನಾಲ್ಕನೇ ವಯಸ್ಸಿಗೆ ಪಾಸ್‌ಪೋರ್ಟ್ ಬಂತು. ಹೊರಡುವ ಮುಂಚೆ ಹುಡುಗ ನಮ್ಮ ಮನೆಗೆ ಬಂದಿದ್ದ. ನಾನು ನಿವೃತ್ತಿಯ ಇಡುಗಂಟಿನಲ್ಲಿ ಕಟ್ಟಿಸಬೇಕೆಂದಿರುವ ಮಹಡಿಯ ನಕ್ಷೆ ತೋರಿಸಿದೆ. ಕಾಂಟ್ರಾಕ್ಟರಿಗೆ ಹೇಳಿಯೂ ಇಟ್ಟಿದ್ದೇನೆ. ಅವನು ನಕ್ಷೆಯ ಮೇಲೆ ಬೆರಳಿಟ್ಟು ಲೆಕ್ಕ ಶುರು ಮಾಡಿದ.

“ಮಾಮ, ಈ ಮೆಟ್ಟಿಲಿಗೆ ಎಷ್ಟಾಗುತ್ತೆ? ಅಂದ್ರೆ ನಿಮ್ಮದು ನಲವತ್ತು ದಿನ. ಇದು ಯೂರೋಪು. ಈ ಬಾತ್‌ರೂಮಿನ ಟೈಲ್ಸು ಇಪ್ಪತ್ತೈದು ದಿನ, ವಿಯೆಟ್ನಾಂ. ಮೇಲಿನ ನೀರಿನ ಟ್ಯಾಂಕು ಜಪಾನು. ಬಾಡಿಗೆಯೋರು ಬಂದು ನಿಮ್ಮ ಇಡೀ ಪ್ರಪಂಚದಲ್ಲಿ ಸಂಸಾರ ಮಾಡ್ತಾರೆ.”

ನನ್ನ ಹೆಂಡತಿ ನಗಲಿಲ್ಲ. ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದಳು.

ಈಗ ಬೆಳಿಗ್ಗೆ ಆರಕ್ಕೆ ಎದ್ದು ಎರಡು ಬೀದಿ ದಾಟಿ ಅಕ್ಕನ ಮನೆಯ ತುಳಸಿಗೆ ನೀರು ಹಾಕುತ್ತೇನೆ. ಅಲ್ಲಿಗೇ ಅವಳ ವಿಡಿಯೋ ಕರೆ ಬರುತ್ತದೆ. ಕ್ಯೋಟೋದ ಯಾವುದೋ ದೇವಸ್ಥಾನದ ಮುಂದೆ ಸ್ವೆಟರ್ ಮೇಲೆ ಸೀರೆಯ ಸೆರಗು ಹೊದ್ದು ನಿಂತಿರುತ್ತಾಳೆ. “ಇಲ್ಲೂ ಚಪ್ಪಲಿ ಹೊರಗೇ ಬಿಡ್ತಾರೆ ಕಣೋ, ಬಾಗಿಲಲ್ಲಿ ಕಾಲಿಟ್ಟರೆ ನಮ್ಮನೆ ಥರಾನೇ. ತುಳಸಿ ಎಲ್ಲಿ, ತೋರಿಸು. ಬೇರಿಗೆ ಹಾಕು, ಎಲೆ ಮೇಲೆ ಹುಯ್ಯಬೇಡ.” ಹೆಂಡತಿಯೂ ಕೆಲವು ದಿನ ಜೊತೆಗೆ ಬರುತ್ತಾಳೆ. ಮೊನ್ನೆ ಕರೆ ಮುಗಿದ ಮೇಲೆ ಅಂದಳು: “ರೀ, ಬೇಲೂರಿಗೆ ಜಪಾನಿನಷ್ಟು ದೂರ ಇಲ್ಲ ಅಲ್ವಾ?”

ಅಂದೇ ಕಚೇರಿಗೆ ಹೋಗಿ 15 ದಿನದ ಗಳಿಕೆ ರಜೆಗೆ ಅರ್ಜಿ ಬರೆದೆ. ಈ ಜನವರಿಯಲ್ಲಿ ಬಂದ 15, ಜೂನ್ ಮುಗಿಯುವುದರೊಳಗೆ ಬಳಸದಿದ್ದರೆ ಹೇಗೂ ಹೋಗುತ್ತವೆ, 300ಕ್ಕೆ ಕೈ ಹಾಕಿಲ್ಲ. ಕಾರಣ ಎಂಬಲ್ಲಿ ಎಲ್ಲರಂತೆ ‘ಸ್ವಂತ ಕೆಲಸದ ನಿಮಿತ್ತ’ ಎಂದು ಬರೆದೆ. ರಜಾ ಅವಧಿಯ ವಿಳಾಸ ಎಂಬಲ್ಲಿ ಏನು ಬರೆಯಬೇಕೆಂದು ತೋಚದೆ ಖಾಲಿ ಬಿಟ್ಟೆ. ಕೇಂದ್ರಸ್ಥಾನ ಬಿಡಲು ಅನುಮತಿ ಕೋರಿದ್ದೇನೆ. ಸಾಹೇಬರು ಅಂಚಿನಲ್ಲಿ ‘ಚರ್ಚಿಸಿ’ ಎಂದು ಬರೆದು ಕಡತವನ್ನು ವಿಷಯನಿರ್ವಾಹಕನಿಗೆ ವಾಪಸ್ ಕಳಿಸಿದ್ದಾರೆ. ಅದು ಸೋಮವಾರದಿಂದ ನನ್ನ ಮೇಜಿನ ಮೇಲೇ ಇದೆ.